ಗಂಟಿಲ್ಲದ ಹೊಲಿಗೆ

"ಇವತ್ತು ಬೇಡಮ್ಮಾ, ದಮ್ಮಯ್ಯ!" ಎಂದು ಮಗಳು ಗಿಡಕ್ಕೆ ಬೆನ್ನು ಕೊಟ್ಟು ನಿಂತಾಗ ಟೈಲರಮ್ಮನ ಕೈಯಲ್ಲಿ ಕುಡುಗೋಲಿತ್ತು.

ಗಿಡ ಯಾರೂ ನೆಟ್ಟಿದ್ದಲ್ಲ. ಹಿಂದಿನ ಗೋಡೆಯ ಬುಡದಲ್ಲಿ ತಾನಾಗಿ ಹುಟ್ಟಿ, ಅಂಗೈಗಿಂತ ಅಗಲದ ಎಲೆ ಬಿಟ್ಟು, ಕಿಟಕಿಯಿಂದ ಹೊಲಿಗೆ ಮೆಶಿನ್ನಿನ ಮೇಲೆ ಬೀಳುವ ಬೆಳಕನ್ನೆಲ್ಲ ನುಂಗಿಹಾಕಿತ್ತು. ಬಲ್ಬು ಹಾಕಿದರೆ ಕಪ್ಪು, ಕಡುನೀಲಿ ಎರಡೂ ಒಂದೇ ಥರ ಕಾಣುತ್ತವೆ. ಕಳೆದ ತಿಂಗಳು ಅದೇ ಮಬ್ಬಿನಲ್ಲಿ ವಕೀಲಮ್ಮನ ಕರಿಕೋಟಿಗೆ ಕಡುನೀಲಿ ಹತ್ತಿದಾರ ಪೋಣಿಸಿ ಹೊಲಿದುಬಿಟ್ಟಿದ್ದಳು. ವಕೀಲಮ್ಮ ಕೋಟನ್ನು ಬಿಸಿಲಿಗೆ ಹಿಡಿದು, "ಕಣ್ಣು ಮಂಜಾಯ್ತೇನ್ರೀ?" ಎಂದಿದ್ದು ಇನ್ನೂ ಎದೆಯಲ್ಲಿ ಸೂಜಿಯಂತೆ ಉಳಿದಿತ್ತು. ಎಲ್ಲ ಬಿಚ್ಚಿ ಮತ್ತೆ ಹೊಲಿದು ಕೊಟ್ಟಿದ್ದಾಯಿತು. ಈಗ ಎರಡನೆಯ ಕೋಟು. ಸಂಜೆ ವಕೀಲಮ್ಮ ಬರುವವರಿದ್ದರು. ಇದೂ ಕೆಟ್ಟರೆ ಅವರಷ್ಟೇ ಅಲ್ಲ, ಅವರ ಮಾತು ಕೇಳಿ ಬರುವ ಗಿರಾಕಿಗಳೂ ಕೈಬಿಟ್ಟ ಹಾಗೆಯೇ.

"ಬೆಳಕಿಲ್ಲದೆ ನಾನೇನು ಮೂಸಿ ನೋಡಿ ಹೊಲೀಲಾ? ಪಕ್ಕಕ್ಕೆ ಸರಿ."

"ಒಂದ್ಸಲ ನೋಡು. ಆಮೇಲೂ ಕಡೀಬೇಕು ಅನ್ಸಿದ್ರೆ ಕಡಿ."

"ನಿನ್ನ ಉಪದೇಶ ಕೇಳಿ ಕೇಳಿ ಸಾಕಾಯ್ತು ಕಣೆ. ಚಿಂದಿ ಸುಡಬೇಡ, ಹೊಗೆ ಅಂದೆ, ಬಿಟ್ಟೆ. ದಾರದ ತುಂಡು ಚರಂಡಿಗೆ ಗುಡಿಸಬೇಡ ಅಂದೆ, ಡಬ್ಬಿಗೆ ಹಾಕ್ದೆ. ಓದೋದು ಬಿಟ್ಟು ನೈಲಾನ್ ಬೇರೆ, ಹತ್ತಿ ಬೇರೆ ಅಂತ ಆರಿಸ್ತಾ ಕೂತೆ, ಅದನ್ನೂ ನೋಡ್ಕೊಂಡು ಸುಮ್ನಿದ್ದೆ. ಈಗ ಇದೊಂದು. ನಿನ್ನ ನಾನು ಹೆತ್ತಿದ್ದೋ, ನನ್ನ ನೀನು ಹೆತ್ತಿದ್ದೋ?"

ಮಗಳು ಪಕ್ಕಕ್ಕೆ ಸರಿದು, ಮುಟ್ಟದೆ, ಬೆರಳು ತೋರಿಸಿದಳಷ್ಟೆ.

ಎರಡು ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ ಯಾರೋ ಜೇಬು ಹೊಲಿದಿದ್ದರು. ಟೈಲರಮ್ಮನ ಕೈ ತಾನಾಗಿ ಕನ್ನಡಕವನ್ನು ಮೇಲೆ ಸರಿಸಿತು. ಬೇರೆಯವರು ಹೊಲಿದದ್ದು ಕಣ್ಣಿಗೆ ಬಿದ್ದರೆ ಹುಳುಕು ಹುಡುಕುವುದು ಅವಳ ಹಳೆಯ ಚಾಳಿ, ಇಲ್ಲಿಯೂ ಹುಡುಕಿದಳು. ಎಲೆ ಎಲ್ಲಿಯೂ ಹರಿದಿರಲಿಲ್ಲ. ಒಂದು ಹೊಲಿಗೆ ಬಿಗಿ, ಒಂದು ಸಡಿಲ ಎಂಬುದಿಲ್ಲ. ಗಂಟಂತೂ ಇಲ್ಲವೇ ಇಲ್ಲ. ದಾರದ ತುದಿಯನ್ನು ಎಳೆ ಎಳೆಯಾಗಿ ಬಿಡಿಸಿ ಹೂವಿನಂತೆ ಅರಳಿಸಿದ್ದರು. ಆ ಅರಳಿದ ತುದಿಯೇ ತೂತಿಗೆ ಅಡ್ಡ ನಿಂತು ಜಾರದಂತೆ ಹಿಡಿದಿತ್ತು. ಇಷ್ಟು ವರ್ಷ ಬೆನ್ನು ಬಗ್ಗಿಸಿ ಹೊಲಿದರೂ ತನಗೆ ಹೊಳೆಯದ ಯುಕ್ತಿ! ಜೇಬಿನೊಳಗೆ, ಹತ್ತಿಯ ಮೆತ್ತೆಯ ಮೇಲೆ, ಇನ್ನೂ ಕಣ್ಣು ಬಿಡದ ಹಕ್ಕಿಮರಿಗಳು ಬಾಯಿ ತೆರೆದುಕೊಂಡಿದ್ದವು.

ಉಸಿರು ಬಿಟ್ಟರೆ ಎಲ್ಲಿ ಬಿಚ್ಚಿಹೋದೀತೋ ಎಂಬಂತೆ ನಿಂತಿದ್ದಳು. ಆಗ ದಾರದ ಬಣ್ಣ ಕಂಡಿತು. ಕಡುನೀಲಿ.

"ಇದು..."

"ಅದೇ. ನೀನು ಅಳ್ತಾ ಬಿಚ್ಚಿದ್ಯಲ್ಲಾ, ಅದೇ. ಹತ್ತಿದು ಮಾತ್ರ ಆರಿಸಿ, ಬೆರಳುದ್ದ ಕತ್ತರಿಸಿ ಗೋಡೆ ಮೇಲೆ ಇಟ್ಟಿದ್ದೆ. ಉದ್ದ ಇದ್ರೆ ಹಕ್ಕಿ ಕಾಲಿಗೆ ಸುತ್ಕೊಳ್ಳತ್ತೆ."

ಅತ್ತಿದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದಳು ಟೈಲರಮ್ಮ. ಮಗಳು ನೋಡಿದ್ದಳು. ನೋಡಿ, ಸುಮ್ಮನೆ ಆ ದಾರವನ್ನು ಆರಿಸಿಟ್ಟಿದ್ದಳು. ಕುಡುಗೋಲು ಯಾವಾಗ ಕೆಳಗಿಟ್ಟೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಪುಟ್ಟ ಹಕ್ಕಿಯೊಂದು ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಬಂದು, ಗೋಡೆಯ ಮೇಲೆ ಕೂತು, ಇವರತ್ತ ಬಾಲ ನಿಗುರಿಸಿತು. "ನಡಿಯೇ, ಯಜಮಾನಿ ಬಂದ್ಲು" ಎಂದು ಟೈಲರಮ್ಮ ಮಗಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಸಂಜೆ ವಕೀಲಮ್ಮ ಬಂದಾಗ ಹೊಲಿಗೆ ಮೆಶಿನ್ನು ಬೀದಿಬಾಗಿಲಿಗೆ ಅಡ್ಡವಾಗಿ, ಇಳಿಬಿಸಿಲಿಗೆ ಮುಖ ಮಾಡಿ ಕೂತಿತ್ತು.

"ಏನ್ರೀ ಇದು, ಒಳಗೆ ಬರೋದು ಹೇಗೆ?"

"ಮರಿ ಹಾರೋವರೆಗೂ ಸ್ವಲ್ಪ ಓರೆಯಾಗಿ ಬನ್ನಿ."

ಯಾವ ಮರಿ ಎಂದು ತಿಳಿಯದೆ ವಕೀಲಮ್ಮ ಓರೆಯಾಗಿಯೇ ಒಳಗೆ ಬಂದರು. ಕೋಟನ್ನು ತಿರುವಿ, ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಉಗುರಾಡಿಸಿದರು. "ಹೋದ ಸಲದ ಥರ ತಪ್ಪಾಗಿಲ್ಲ, ಪುಣ್ಯ!"

"ಹೋದ ಸಲಾನೂ ತಪ್ಪಾಗಿರಲಿಲ್ಲ, ವಕೀಲಮ್ಮಾ" ಎಂದಳು ಟೈಲರಮ್ಮ, ಕೋಟು ಮಡಿಸುತ್ತಾ. "ಆ ದಾರದ ಗಿರಾಕಿ ಬೇರೆ ಇದ್ರು."