ಕಾಶೀಬಾಯಿಯ ಸೊಟ್ಟ ಪಾನಾ

ಮಾನಪ್ಪ ಮಿಸ್ತ್ರಿ ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟು ಬಿಗಿಯುವ ಹಳೇ ಪಾನಾಗಳನ್ನು (ಸ್ಪ್ಯಾನರ್) ಅದ್ದಿ, ಹಳೇ ಬನಿಯನ್ ಚೂರಿನಿಂದ ಒಂದೊಂದಾಗಿ ಒರೆಸುತ್ತಿದ್ದ...

ಒಟ್ಟು ಐದು ಪಾನಾ. ಮೂರು ವಾರದ ಹಿಂದೆ ಬಂದಾಗ ತುಕ್ಕು ಮೆತ್ತಿಕೊಂಡು ಬಜ್ಜಿಯ ಹಾಗಿದ್ದವು. ಈಗ ಮುಖ ಕಾಣುವಷ್ಟು ಹೊಳಪು!

ಗದಗಿನ ಅವನ ಗ್ಯಾರೇಜಿನಲ್ಲಿ ಎಂಬತ್ತು ವರ್ಷದ ಒಂದು ಇಂಗ್ಲಿಷ್ ಕಾರು ಆರು ತಿಂಗಳಿಂದ ನಿಂತಿತ್ತು. ಅದರ ನಟ್ಟುಗಳ ಅಳತೆಯೇ ಬೇರೆ. ಈಗಿನ ಯಾವ ಪಾನಾವೂ ಕೂಡುವುದಿಲ್ಲ.

ಆ ಅಳತೆಯ ಸಾಮಾನು ಇದ್ದದ್ದು ಒಂದೇ ಮನೆಯಲ್ಲಿ... ತೀರಿಹೋದ ವಿಠ್ಠಲರಾವ್ ಮಿಸ್ತ್ರಿಯ ಹೆಂಡತಿ ಕಾಶೀಬಾಯಿಯ ಮನೆಯಲ್ಲಿ. ಒಂದು ದೊಡ್ಡ ಪೆಟ್ಟಿಗೆ ತುಂಬ.

ಯಾವುದೋ ಹೋಟೆಲಿನವರು ಗೋಡೆಗೆ ತೂಗುಹಾಕಲು ಅದನ್ನು ಕೇಳಿದ್ದರು. ಅಜ್ಜಿ ಮಾನಪ್ಪನಿಗೆ ಐದೇ ಪಾನಾ ಕೊಟ್ಟು ಹೇಳಿದ್ದಳು:

"ಇವನ್ನ ಕೆಲಸಕ್ಕ ಬರೂಹಂಗ ಮಾಡು. ಬಂದು ನೋಡ್ತೀನಿ. ಮನಸ್ಸಿಗೆ ಬಂದರ ಪೆಟ್ಟಿಗಿ ನಿಂದು... ಇಲ್ಲಂದರ ಹೋಟೆಲಿನವರದು."

ಇವತ್ತು ಪಾನಾ ಒರೆಸುತ್ತಿರುವಾಗಲೇ ಅಜ್ಜಿಯ ಫೋನು ಬಂತು.

"ತಮ್ಮಾ, ಹನ್ನೊಂದಕ್ಕ ಬರ್ತೀನಿ. ಆ ಸೊಟ್ಟ ಪಾನಾ ತಯಾರ ಇಡು. ಅದರಿಂದನ ನಾ ಒಂದು ನಟ್ ಬಿಗಿ ಮಾಡಾಕಿ!"

ಮಾನಪ್ಪನ ಕೈಯಿಂದ ಬಟ್ಟೆ ಜಾರಿತು.

ಐದರಲ್ಲಿ ಒಂದರ ಹಿಡಿ ನಡುವೆ ಸೊಟ್ಟಗಿತ್ತು ನಿಜ. ಎಲ್ಲೋ ಬಿದ್ದು ಹಾಳಾಗಿದೆ ಅಂದುಕೊಂಡಿದ್ದ. ಕಮ್ಮಾರರ ಮನೆಯವನು... ಸೊಟ್ಟ ಕಬ್ಬಿಣ ಕಂಡರೆ ಕೈ ಸುಮ್ಮನಿದ್ದೀತೇ? ಕಾಸಿ, ಬಡಿದು, ದಾರ ಹಿಡಿದು ನೋಡಿ ನೆಟ್ಟಗೆ ಮಾಡಿದ್ದ. ಓಣಿಗೆಲ್ಲ ತೋರಿಸಿ ಮೆರೆದೂ ಇದ್ದ!

ಎದುರಿನ ಪೇಂಟಿಂಗ್ ಅಂಗಡಿಯ ದಸ್ತಗೀರ ಒಳಗೆ ಬಂದ. "ಏನ್ರಿ ಮಿಸ್ತ್ರಿ, ಮಾರಿ ಯಾಕ ಚಿಮಣಿ ಎಣ್ಣಿ ಕುಡದಂಗ ಆಗೇತಿ?"

ಸಂಗತಿ ಕೇಳಿ ಅವನೇ ದಾರಿ ಹೇಳಿದ. "ನನ್ನ ಕಡೆ ಒಂದು ಹಳೇ ಸೊಟ್ಟ ಪಾನಾ ಬಿದ್ದೈತಿ. ಅದನ್ನ ಇಡ್ರಿ. ಮುದುಕಿಗೆ ಕಣ್ಣು ಮಂಜು, ಏನು ತಿಳೀತೈತಿ?"

ಗಂಟೆ ಹತ್ತೂವರೆ...

ಮಾನಪ್ಪ ಬೇಡ ಅನ್ನಲಿಲ್ಲ. ದಸ್ತಗೀರ ತಂದದ್ದನ್ನು ಒರೆಸಿ ನಾಲ್ಕರ ಪಕ್ಕ ಇಟ್ಟ. ನೆಟ್ಟಗಾದದ್ದನ್ನು ಜೇಬಿಗೆ ಸೇರಿಸಿದ. ಅದು ತೊಡೆಗೆ ಕಲ್ಲಿನಂತೆ ಒತ್ತುತ್ತಿತ್ತು.

ಹನ್ನೊಂದಕ್ಕೆ ಆಟೋ ನಿಂತಿತು. "ನಿಂದ್ರು, ಈಗ ಬಂದೆ" ಎಂದು ಆಟೋದವನಿಗೆ ಹೇಳಿ ಕಾಶೀಬಾಯಿ ಇಳಿದಳು. ಯಾವಾಗಲೂ ಹಾಗೇ... ಬಲಗೈ ಸೆರಗಿನೊಳಗೆ.

ಎಡಗೈಯಿಂದ ಪಾನಾಗಳನ್ನು ಸವರುತ್ತ ಬಂದಳು. ಒಂದು... ಎರಡು... ಮೂರು... ನಾಲ್ಕು...

"ಅವ್ವಾ, ತಡೀರಿ!"

ಮಾನಪ್ಪನಿಗೇ ತನ್ನ ದನಿ ಗುರುತು ಸಿಗಲಿಲ್ಲ. ಜೇಬಿನಿಂದ ತೆಗೆದು ಕೊಟ್ಟ. "ಅದು ನಿಮ್ಮದಲ್ಲ. ನಿಮ್ಮದು ಇದು. ನಾನ ನೆಟ್ಟಗ ಮಾಡಿಬಿಟ್ಟೆ. ಯಾವುದೋ ಸಂದ್ಯಾಗಿನ ನಟ್ಟಿನ ಸಲುವಾಗಿ ಬಗ್ಗಿಸಿದ್ದು ಅಂತ ತಿಳೀಲಿಲ್ಲ... ತಪ್ಪಾತು."

ದಸ್ತಗೀರ ಹಣೆ ಬಡಿದುಕೊಂಡ.

ಅಜ್ಜಿ ಸೆರಗಿನಿಂದ ಬಲಗೈ ಹೊರತೆಗೆದು ಪಾನಾ ಹಿಡಿಯಲು ನೋಡಿದಳು. ಜಾರಿತು. ಮತ್ತೆ ಹಿಡಿದಳು... ಠಣ್ ಎಂದು ನೆಲಕ್ಕೆ ಬಿತ್ತು.

ಅವಳ ಮಣಿಕಟ್ಟು ಒಳಕ್ಕೆ ತಿರುಚಿಕೊಂಡಿತ್ತು!

"ನಟ್ಟಿನ ಸಲುವಾಗಿ ಅಲ್ಲೋ ತಮ್ಮಾ, ನನ್ನ ಕೈ ಸಲುವಾಗಿ. ನಮ್ಮನಿಯವರ ಕೂಡ ನಾನೂ ಗ್ಯಾರೇಜಿನ್ಯಾಗ ದುಡೀತಿದ್ದೆ. ಒಂದಿನ ಮೋಟರಿನ ಮುಂದಿನ ಹ್ಯಾಂಡಲ್ ತಿರುವಿ ಚಾಲೂ ಮಾಡೂಮುಂದ ಅದು ತಿರುಗಿ ಕೈಗೆ ಹೊಡೀತು. ಎಲುವು ಸೊಟ್ಟನ ಕೂಡಿತು. 'ಇನ್ನ ಒಲೀ ಮುಂದ ಕೂಡು' ಅಂದ್ರು ಮಂದಿ. ನಮ್ಮನಿಯವರು ಮಾತ್ರ ಪಾನಾ ಕಾಸಿ, ನನ್ನ ಕೈ ಹೆಂಗಿತ್ತೋ ಹಂಗ ಬಗ್ಗಿಸಿ ಕೊಟ್ರು. ಮೂವತ್ತು ವರ್ಷ ಅದರಾಗ ದುಡದೀನಿ."

ಊರಿಗೆ ಗೊತ್ತಿದ್ದದ್ದು ವಿಠ್ಠಲರಾವ್ ಮಿಸ್ತ್ರಿಯ ಹೆಸರು ಮಾತ್ರ...

ಅಜ್ಜಿ ಬಾಗಿಲ ಕಡೆ ತಿರುಗಿದಳು. ಆಟೋ ಗುರ್ರ್ ಎನ್ನುತ್ತಲೇ ಇತ್ತು.

"ಅವ್ವಾ, ನಿಮ್ಮ ಕೈ ಕೊಡ್ರಿ."

ಒಂದು ತೆಳು ತಂತಿಯನ್ನು ಅವಳ ಅಂಗೈಗೆ, ಮಣಿಕಟ್ಟಿಗೆ ಒತ್ತಿ ಮಾನಪ್ಪ ಅಳತೆ ತೆಗೆದ. ಗ್ಯಾರೇಜಿನ ಮೂಲೆಯ ಕುಲುಮೆ ಹೊತ್ತಿಸಿದ.

ಹಳೇ ಉಕ್ಕು. ಈಗಾಗಲೇ ಪೆಟ್ಟು ತಿಂದದ್ದು. ಇನ್ನೊಮ್ಮೆ ಬಗ್ಗಿಸಿದರೆ ಸೀಳಬಹುದು... ಸೀಳಿದರೆ ಅಜ್ಜಿಯ ಕೈಯೇ ಇನ್ನೊಮ್ಮೆ ಮುರಿದಂತೆ.

ಹಿಡಿ ಕೆಂಪಾಯಿತು. ಒಂದು ಪೆಟ್ಟು. ತಂತಿ ಇಟ್ಟು ನೋಡಿದ. ಇನ್ನೊಂದು ಪೆಟ್ಟು. ಕೊನೆಗೆ, ಸೀಳದೆ ನಿಧಾನ ಆರಲಿ ಎಂದು ಬೂದಿಯಲ್ಲಿ ಹುಗಿದ. ಅಜ್ಜಿ ಆಟೋದವನನ್ನು ಕಳಿಸಿ ಕುಳಿತಳು.

ಮೂರು ತಾಸು. ಎರಡು ಸಲ ಚಹಾ.

ಬೂದಿಯಿಂದ ತೆಗೆದು ಬೆಳಕಿಗೆ ಹಿಡಿದ... ಎಲ್ಲೂ ಸೀಳಿರಲಿಲ್ಲ.

ಕಾಶೀಬಾಯಿ ಹಿಡಿದಳು. ಜಾರಲಿಲ್ಲ! ಕಾರಿನ ಮೇಲೆ ಬಾಗಿ ಒಂದು ನಟ್ಟನ್ನು ಬಿಗಿ ಮಾಡಿದಳು. ಬಿಗಿಯಾದ ಮೇಲೂ ಕೈ ಬಿಡದೆ ಹಾಗೇ ನಿಂತಳು. ಕಣ್ಣೀರು ಬಾನೆಟ್ಟಿನ ಮೇಲೆ ಬೀಳುತ್ತಿತ್ತು.

"ಪೆಟ್ಟಿಗಿ ಒಯ್ಯಪಾ. ನಮ್ಮನಿಯವರ ಹೊರತು ನನ್ನ ಕೈ ಅಳತಿ ಕೇಳಿದಾಂವ ನೀನ ಮೊದಲನೇದಾಂವ."

ಆ ಮಾತು ಮಾನಪ್ಪನ ಎದೆಗೆ ಕಾಸಿದ ಕಬ್ಬಿಣದ ಹಾಗೆ ತಾಗಿತು.

ಅವನಿಗೊಬ್ಬ ತಮ್ಮನಿದ್ದ, ಕಾಳಪ್ಪ. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ. 'ಕುಲುಮೆಗೆ ಎಡಗೈ ಅಪಶಕುನ' ಎಂದು ಮಾನಪ್ಪ ಎಲ್ಲರೆದುರು ಅವನ ಎಡಗೈಯನ್ನು ಬೆನ್ನಿಗೆ ಕಟ್ಟಿ, ಬಲಗೈಯಲ್ಲಿ ಹೊಡೆಸಿದ್ದ. ಮರುದಿನವೇ ಕಾಳಪ್ಪ ಸಾಂಗ್ಲಿಗೆ ಹೋದ. ಆರು ವರ್ಷವಾಯಿತು, ಫೋನು ಎತ್ತುವುದಿಲ್ಲ.

ಎರಡು ವರ್ಷದ ಹಿಂದೆ ಮಾನಪ್ಪ ತಪ್ಪಾಯಿತು ಎಂದು ಅವನಿಗೊಂದು ಪತ್ರ ಬರೆದಿದ್ದ. 'ದೊಡ್ಡವನು ನಾನು, ನಾನೇ ಮೊದಲು ಬಗ್ಗಬೇಕೇ?' ಎಂದು ಡ್ರಾಯರಿನಲ್ಲೇ ಇಟ್ಟಿದ್ದ.

ಅಜ್ಜಿಯನ್ನು ಮನೆಗೆ ಬಿಟ್ಟು ಬಂದವನೇ ಅದನ್ನು ಹೊರತೆಗೆದ. ಕೆಳಗೆ ಒಂದು ಸಾಲು ಸೇರಿಸಿದ:

"ತಮ್ಮಾ, ನಿನ್ನ ಎಡಗೈಗೆ ಎಂಥಾ ಸುತ್ತಿಗಿ ಬೇಕು, ಅಳತಿ ಬರದು ಕಳಸು. ಮಾಡಿ ಇಡ್ತೀನಿ."

ಅಂಚೆ ಕಚೇರಿಯಲ್ಲಿ ಅಂಚೆಯವನು ಸಂಜೆಯ ಚೀಲ ಕಟ್ಟುತ್ತಿದ್ದ. ಮಾನಪ್ಪ ಓಡಿಹೋಗಿ ಪತ್ರವನ್ನು ಅವನ ಕೈಗೇ ಕೊಟ್ಟ...

*

ಸೊಟ್ಟ ಕಂಡದ್ದನ್ನು ನೆಟ್ಟಗೆ ಮಾಡುವ ಮೊದಲು, ಅದು ಯಾರ ಕೈಗಾಗಿ ಬಾಗಿದೆ ಎಂದು ಒಮ್ಮೆ ಕೇಳಬೇಕು.

ತಿದ್ದಲು ಹೋಗಿ ನೀವು ದೂರ ಮಾಡಿಕೊಂಡವರು ಯಾರಾದರೂ ಇದ್ದಾರೆಯೇ... ಅವರಿಗೆ ಬರೆಯಬೇಕಾದ ಪತ್ರ ಇನ್ನೂ ನಿಮ್ಮ ಡ್ರಾಯರಿನಲ್ಲೇ ಇದೆಯೇ?