ಯಾವ ಹಬ್ಬಕ್ಕೆ ವಾಪಸ್?

ಪರಮೇಶ್ವರಪ್ಪನವರ ತಲೆಯ ಅಪ್‌ಡೇಟ್ ಅರವತ್ತೆರಡು ಪರ್ಸೆಂಟಿಗೆ ನಿಂತು ಮೂರು ದಿನವಾಗಿತ್ತು. ಮೊದಲೆರಡು ದಿನ ಹೆಂಡತಿ ವನಜಾಕ್ಷಿಗೆ ಗೊತ್ತೇ ಆಗಲಿಲ್ಲ. ಟೀವಿ ಮುಂದೆ ಅಲುಗಾಡದೆ ಕೂರುವುದು ಅವರಿಗೆ ಹೊಸದೇನಲ್ಲ. ಮೂರನೇ ದಿನ ಸಾರಿಗೆ ಉಪ್ಪು ಮರೆತರೂ ಬೈಯಲಿಲ್ಲ, ಆಗ ಅನುಮಾನ ಬಂತು.

ಶ್ರಾವಣದಿಂದ ಅವಳ ಒಳ್ಳೆಯ ಸೀರೆ ಒಂದೂ ಕಾಣುತ್ತಿರಲಿಲ್ಲ. ಬಣ್ಣ ಹೋದದ್ದನ್ನೇ ಉಟ್ಟು, ಗಂಡನನ್ನು ಆಟೋಗೆ ತುಂಬಿಕೊಂಡು ರಿಪೇರಿ ಕೇಂದ್ರಕ್ಕೆ ಬಂದಳು.

ಕೌಂಟರಿನ ಶಕೀಲಾ ಮೇಡಂ ಪರಮೇಶ್ವರಪ್ಪನವರ ಕಿವಿಯ ಹಿಂದೆ ವೈರ್ ಸಿಕ್ಕಿಸಿ ನೋಡಿದರು. "ಹಳೇ ದಿನಕ್ಕೆ ವಾಪಸ್ ಹಾಕ್ಬೇಕಮ್ಮ. ಆಮೇಲಿಂದೆಲ್ಲ ಅಳಿಸಿಹೋಗುತ್ತೆ. ಗೌರಿ ಹಬ್ಬಕ್ಕೆ ಹಾಕ್ಲಾ, ದೀಪಾವಳಿಗಾ?"

ದೀಪಾವಳಿಗೆ ಹಾಕಿದರೆ ವನಜಾಕ್ಷಿಯ ತಮ್ಮನ ಮೇಲೆ ಗಂಡನಿಗಿರುವ ಸಿಟ್ಟು ಉಳಿಯುತ್ತದೆ. ಗೌರಿ ಹಬ್ಬಕ್ಕಾದರೆ ಅವರು ಅಂತೂ ಇಂತೂ ಕಲಿತ ಅನ್ನ ಮಾಡುವುದು ಹೋಗುತ್ತದೆ. ವನಜಾಕ್ಷಿ ಬದನೆಕಾಯಿ ಆರಿಸುವಷ್ಟು ಎಚ್ಚರದಿಂದ ಯೋಚಿಸಿ, "ಗೌರಿ ಹಬ್ಬ" ಎಂದಳು.

"ಇಲ್ಲಿ ಸಹಿ ಹಾಕಿ. ಹೋದ ಸಲ ನಿಮ್ಮನ್ನ ವಾಪಸ್ ಹಾಕುವಾಗ ಯಜಮಾನ್ರು ಸಹಿ ಹಾಕಿದ್ರಲ್ಲ, ಅದೇ ಜಾಗ."

"ನನಗಾ?"

"ಹೂಂ, ಶ್ರಾವಣದಲ್ಲಿ. ಅಪ್‌ಡೇಟ್ ಕೆಟ್ಟಿದೆ, ಮನೆ ಬಿಟ್ಟು ಹೋಗ್ತೀನಿ ಅಂತಾಳೆ ಅಂದ್ರು. ನೀವು ಕೈಲಿದ್ದ ಸೂಟ್‌ಕೇಸ್ ಕೊನೇವರೆಗೂ ಬಿಡ್ಲಿಲ್ಲ. ಆಮೇಲೆ ಅವರೇ ತಗೊಂಡು ಹೋದ್ರು."

ವನಜಾಕ್ಷಿ ತನ್ನ ಮಾಸಿದ ಸೆರಗನ್ನು ನೋಡಿಕೊಂಡಳು. ಆಮೇಲೆ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವ ಹಬ್ಬಕ್ಕೂ ಬೇಡ ಮೇಡಂ. ಸೂಟ್‌ಕೇಸ್ ಎಲ್ಲಿಟ್ಟಿದಾರೆ ಅಂತ ಹೇಳೋಷ್ಟು ಹೊತ್ತು ಎಬ್ಬಿಸಿ, ಸಾಕು."