ಏಳನೇ ಕುರ್ಚಿಯ ಕೆಂಪು ತುಟಿ

ಮುಂದಿನ ಸಾಲಿನ ಏಳನೇ ಕುರ್ಚಿಯ ಹೆಂಗಸು ಇವತ್ತೂ ನಗಲಿಲ್ಲ.

ಪರದೆಯ ಸಂದಿಯಿಂದ ನೋರಿಸ್ ಗಿಲ್ ಅವಳನ್ನೇ ನೋಡುತ್ತಿದ್ದ. ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿದ್ದ ಆ ರಂಗಮಂದಿರಕ್ಕೆ ಅವನು ಮ್ಯಾನೇಜರು. ಸುತ್ತ ನಾನೂರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವಳು ಮಾತ್ರ ವೇದಿಕೆಯನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ವಯಸ್ಸು ಎಪ್ಪತ್ತು, ತುಟಿಗೆ ಢಾಳಾದ ಕೆಂಪು ಬಣ್ಣ. ಬೇಸಿಗೆ ಶುರುವಾದಾಗಿನಿಂದ ಒಂದು ಆಟವನ್ನೂ ತಪ್ಪಿಸಿರಲಿಲ್ಲ.

ಗಿಲ್‌ಗೆ ಅನುಮಾನವೇ ಉಳಿಯಲಿಲ್ಲ. ಇವಳು ಜೋಕುಗಳ್ಳಿ. ಹಾಸ್ಯನಟರ ಲೋಕದಲ್ಲಿ ಇಂಥವರಿಗೇನು ಬರವೇ? ಕೂತು ಬಾಯಿಪಾಠ ಮಾಡಿಕೊಂಡು ಹೋಗಿ ಇನ್ನೊಬ್ಬನಿಗೆ ಒಪ್ಪಿಸುತ್ತಾರೆ. ಆಮೇಲೆ ಅಸಲಿ ನಟ ಮುಂದಿನ ಊರಿಗೆ ಹೋದರೆ, ಇದು ಹಳೇದು ಎಂದು ಜನ ಆಕಳಿಸುತ್ತಾರೆ. ಕಳ್ಳರು ನಗುವುದಿಲ್ಲ, ನಕ್ಕರೆ ಮುಂದಿನ ಮಾತು ತಪ್ಪಿಹೋಗುತ್ತದೆ.

ವೇದಿಕೆಯ ಮೇಲೆ ನಗಿಸುತ್ತಿದ್ದ ಕ್ಲಾರೆನ್ಸ್ ಹೆಪ್‌ವರ್ತ್‌ಗೆ ಇದ್ದ ಆಸ್ತಿಯೆಲ್ಲ ಆ ಇಪ್ಪತ್ತು ನಿಮಿಷದ ಆಟ. ನಲವತ್ತು ವರ್ಷದಿಂದ ಅದನ್ನೇ ಆಡುತ್ತಿದ್ದ. ಈಚೆಗಂತೂ ಪ್ರತಿ ಜೋಕಿಗೂ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಪತ್ರಿಕೆಯವರು ಆ ಮೌನವನ್ನೇ ಹೊಗಳಿ ಬರೆದಿದ್ದರು. ಶನಿವಾರ ಮಧ್ಯಾಹ್ನದ ಆಟಕ್ಕೆ ಲಂಡನ್ನಿನಿಂದ ಟೆಲಿವಿಷನ್‌ನವರು ಬರಲಿದ್ದರು. ಅವರು ಒಪ್ಪಿದರೆ ಅವನಿಗೆ ಸ್ವಂತ ಕಾರ್ಯಕ್ರಮ. ಇಲ್ಲದಿದ್ದರೆ ಈ ಬೇಸಿಗೆಯೇ ಕೊನೆ.

ಆ ಹೆಂಗಸಿನ ವಿಷಯ ಗಿಲ್ ಅವನನ್ನೇ ಕೇಳಿಬಿಟ್ಟ.

"ಇರ್ಲಿ ಬಿಡು ಮರಿ. ಆ ಕೆಂಪು ತುಟಿ ಕಾಣ್ದಿದ್ರೆ ನನ್ನ ಆಟಾನೇ ನಡೆಯಲ್ಲ," ಎಂದ ಕ್ಲಾರೆನ್ಸ್. ಅವನಿಗೆ ಎಲ್ಲರೂ ಮರಿಯೇ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಮುದುಕನ ಚಪಲ ಎಂದುಕೊಂಡ ಗಿಲ್.

ಶನಿವಾರ ಅವಳನ್ನು ಬಾಗಿಲಲ್ಲೇ ತಡೆದು, ತನ್ನ ಕೋಣೆಯಲ್ಲಿ ಕೂರಿಸಿ, ಚಹಾ ಬಿಸ್ಕತ್ತು ಇಟ್ಟ. ಅವಳು ಕೂಗಾಡಲಿಲ್ಲ.

"ಬಿಟ್ಬಿಡಪ್ಪ. ಆ ಕುರ್ಚಿ ಖಾಲಿ ಇದ್ರೆ ಅವರಿಗೆ ಕಷ್ಟ ಆಗುತ್ತೆ."

"ನಿಮ್ಮಂಥೋರೆಲ್ಲ ಹೇಳೋದು ಇದನ್ನೇ, ಅಮ್ಮ," ಎಂದು ಗಿಲ್ ಬೀಗ ಹಾಕಿದ.

ಕ್ಲಾರೆನ್ಸ್ ವೇದಿಕೆಗೆ ಬಂದ. ಏಳನೇ ಕುರ್ಚಿ ನೋಡಿದ. ಬಾಯಿ ತೆರೆದ, ಮುಚ್ಚಿದ. ಟೊಪ್ಪಿ ತೆಗೆದು ಒಳಗೆ ಇಣುಕಿದ. ಯಾರೋ ಕಿಸಕ್ಕೆಂದರು. ಮತ್ತೆ ಕುರ್ಚಿ ನೋಡಿದ. ಟೊಪ್ಪಿ ಹಾಕಿಕೊಂಡು ಹೊರಟವನು ಬಾಗಿಲು ಯಾವ ಕಡೆ ಎಂದು ತಿಳಿಯದೆ ಅಲ್ಲೇ ನಿಂತ. ಜನ ಬಿದ್ದು ಬಿದ್ದು ನಕ್ಕರು. ಇಪ್ಪತ್ತು ನಿಮಿಷವೂ ಹೀಗೇ ಕಳೆಯಿತು.

ಲಂಡನ್ನಿನವನು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದ. ಇಷ್ಟು ಹೊತ್ತು ತುಟಿಪಿಟಕ್ಕೆನ್ನದೆ ನಗಿಸುವ ಧೈರ್ಯ ಇನ್ಯಾರಿಗಿದೆ ಎಂದ. ಕಾರ್ಯಕ್ರಮ ಅಲ್ಲೇ ಗಟ್ಟಿಯಾಯಿತು.

ಗಿಲ್ ಎದೆಯುಬ್ಬಿಸಿಕೊಂಡು ಕ್ಲಾರೆನ್ಸ್‌ನನ್ನು ಕೋಣೆಗೆ ಕರೆದೊಯ್ದ. ಚಹಾ ಹಾಗೇ ಆರಿತ್ತು.

"ನಿಮ್ಮ ಮಾತು ಕದಿಯೋಕೆ ಬಂದೋರು ಇವರೇ ಯಜಮಾನ್ರೇ. ಯಾರು ಅಂತ ಗೊತ್ತಾ?"

ಕ್ಲಾರೆನ್ಸ್ ಅವಳನ್ನು ನೋಡುತ್ತ ಒಂದು ಗಳಿಗೆ ಸುಮ್ಮನೆ ನಿಂತ. ಅವಳ ಕಣ್ಣು ತುಂಬಿತು. ಕೆಂಪು ತುಟಿಗಳು ಸದ್ದಿಲ್ಲದೆ ಅಲ್ಲಾಡಿದವು.

"ಇವಳು ಮೇವಿಸ್," ಎಂದ ಕ್ಲಾರೆನ್ಸ್, ಆ ತುಟಿಗಳಿಂದ ಕಣ್ಣು ತೆಗೆಯದೆ. "ನನ್ನ... ಹೆಂಡತಿ."